ರಣರಂಗದಿಂದ ಬಂದ ಕಾಗದಗಳು

ಯುದ್ಧದ ಇತಿಹಾಸವೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಭೂಪಟದ ಮೇಲೆ ಎಳೆದ ಬಾಣದ ಗುರುತುಗಳು, ದಂಡನಾಯಕರ ನಾಮಾವಳಿ, ಇಂಥ ದಿನ ಇಂಥ ಠಾಣ್ಯ ಕೈವಶವಾಯಿತೆಂಬ ವರದಿ. ಆ ಬಾಣದ ಗುರುತಿನ ಜಾಡಿನಲ್ಲಿ ನಡೆದುಹೋದ ಮನುಷ್ಯನು ಆ ರಾತ್ರಿ ಏನನ್ನು ಉಂಡನು, ಯಾರನ್ನು ನೆನೆದನು, ಯಾವುದಕ್ಕೆ ಅಂಜಿದನು ಎಂಬುದನ್ನು ತಿಳಿಯಬೇಕಾದರೆ ಕಡತಗಳನ್ನು ಬದಿಗಿರಿಸಿ ಅವನು ಮನೆಗೆ ಬರೆದ ಕಾಗದವನ್ನೋ, ಯಾರಿಗೂ ತೋರದೆ ಬರೆದುಕೊಂಡ ದಿನಚರಿಯನ್ನೋ ಕೈಗೆತ್ತಿಕೊಳ್ಳಬೇಕಾಗುತ್ತದೆ. 1914ರಲ್ಲಿ ಆರಂಭವಾದ ಮಹಾಯುದ್ಧಕ್ಕಾಗಿ ಭಾರತದಿಂದ ಸಮುದ್ರ ದಾಟಿದವರು ಹತ್ತು ಲಕ್ಷಕ್ಕೂ ಮಿಕ್ಕಿದ ಜನ. ಮಡಿದವರು 74,000ಕ್ಕಿಂತ ಹೆಚ್ಚು. ಇವರಲ್ಲಿ ಬಹುಮಂದಿ ಅಕ್ಷರವರಿಯದ ರೈತಮಕ್ಕಳು. ಆದರೂ ಅವರ ಮಾತು ಸಂಪೂರ್ಣವಾಗಿ ಅಳಿದುಹೋಗಿಲ್ಲ. ಅದನ್ನು ಉಳಿಸಿದುದು ಅವರ ಮೇಲೆ ಸರ್ಕಾರಕ್ಕಿದ್ದ ಸಂದೇಹವೆಂಬುದು ಈ ವೃತ್ತಾಂತದ ಅತ್ಯಂತ ವಿಚಿತ್ರವಾದ ಅಂಶ.

1914ರ ಸೆಪ್ಟೆಂಬರ್ ತಿಂಗಳ ಕೊನೆಯಲ್ಲಿ ಲಾಹೋರ್ ಮತ್ತು ಮೀರತ್ ವಿಭಾಗಗಳ ಸೈನಿಕರು ಫ್ರಾನ್ಸಿನ ಮಾರ್ಸೇಲ್ಸ್ ಬಂದರಿನಲ್ಲಿ ಇಳಿಯತೊಡಗಿದರು. ತಿಂಗಳೊಂದು ಕಳೆಯುವುದರೊಳಗಾಗಿ ಬೆಲ್ಜಿಯಮಿನ ಇಪ್ರ್ ಪಟ್ಟಣದ ಸುತ್ತಣ ಕೆಸರಿನ ಕಂದಕಗಳನ್ನು ಹೊಕ್ಕರು. ರಾಜದ್ರೋಹದ ಬರಹಗಳು ಟಪ್ಪಾಲಿನ ಮೂಲಕ ಸಿಪಾಯಿಗಳ ಕೈ ಸೇರಬಹುದೆಂಬ ಭೀತಿಯಿಂದ ಸರ್ಕಾರವು ಭಾರತೀಯ ಟಪ್ಪಾಲಿಗೆಂದೇ ಒಂದು ಸೆನ್ಸಾರ್ ಕಚೇರಿಯನ್ನು ತೆರೆದು, ಇಂಡಿಯನ್ ಸಿವಿಲ್ ಸರ್ವಿಸಿನ ಎವೆಲಿನ್ ಹೋವೆಲ್ ಎಂಬ ಅಧಿಕಾರಿಯನ್ನು ಅದರ ಮುಖ್ಯಸ್ಥನನ್ನಾಗಿ ನೇಮಿಸಿತು. ಸೈನಿಕರು ವಾರವೊಂದಕ್ಕೆ ಸಾವಿರಗಟ್ಟಲೆ ಕಾಗದ ಬರೆಯುತ್ತಿದ್ದುದರಿಂದ ಎಲ್ಲವನ್ನೂ ಓದುವುದು ಆ ಸಣ್ಣ ಕಚೇರಿಗೆ ಅಸಾಧ್ಯವಾಗಿತ್ತು. ಆರಿಸಿದ ಕಾಗದಗಳಿಂದ ಮುಖ್ಯವೆನಿಸಿದ ಭಾಗಗಳನ್ನು ಇಂಗ್ಲಿಷಿಗೆ ತಿರುಗಿಸಿ, ವರದಿಯೊಂದಿಗೆ ಮೇಲಧಿಕಾರಿಗಳಿಗೆ ಕಳುಹಿಸುವ ಪದ್ಧತಿ ನೆಲೆಗೊಂಡಿತು. ಆ ವರದಿಗಳ ಕಟ್ಟುಗಳು ಈಗ ಲಂಡನ್ನಿನ ಬ್ರಿಟಿಷ್ ಗ್ರಂಥಾಲಯದಲ್ಲಿವೆ. ಡೇವಿಡ್ ಒಮಿಸ್ಸಿ ಎಂಬ ಇತಿಹಾಸಕಾರರು ಅವುಗಳಿಂದ ಆಯ್ದ ಕಾಗದಗಳನ್ನು 1999ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದರು.

ಒಂದು ಕಾಗದವು ಹುಟ್ಟಿ ಊರು ಸೇರುವಷ್ಟರಲ್ಲಿ ಎಷ್ಟು ಕೈಗಳನ್ನು ದಾಟುತ್ತಿತ್ತೆಂಬುದನ್ನು ಓದುಗನು ಮೊದಲು ಮನಗಾಣಬೇಕು. ಸಿಪಾಯಿಯು ಬಾಯಲ್ಲಿ ಹೇಳುವನು. ಅಕ್ಷರ ಬಲ್ಲ ಜೊತೆಗಾರನು ಅದಕ್ಕೆ ಉರ್ದುವಿನಲ್ಲೋ ಗುರುಮುಖಿಯಲ್ಲೋ ಹಿಂದಿಯಲ್ಲೋ ಒಕ್ಕಣೆ ಕೊಡುವನು. ಪಡೆಯ ಅಧಿಕಾರಿಯು ಅದನ್ನು ನೋಡುವನು. ಸೆನ್ಸಾರ್ ಕಚೇರಿಯು ಮತ್ತೊಮ್ಮೆ ಶೋಧಿಸುವುದು. ಊರಿನಲ್ಲಿ ಓದುಬಲ್ಲವನೊಬ್ಬನು ಮನೆಮಂದಿಯ ನಡುವೆ ಗಟ್ಟಿಯಾಗಿ ಓದಿ ಹೇಳುವನು. ಉಭಯಕುಶಲೋಪರಿಯಿಂದ ಆರಂಭವಾಗುವ ಕಾಗದದಲ್ಲಿ ಹೆಂಡತಿಗೆ ಆಡಬೇಕಾದ ಮಾತನ್ನು ಊರೇ ಕೇಳುವಂತಿದ್ದಾಗ ಏಕಾಂತವೆಂಬುದಕ್ಕೆ ಎಡೆಯೆಲ್ಲಿಯದು? ಆದಕಾರಣ ಈ ಕಾಗದಗಳಲ್ಲಿ ‘ಕ್ಷೇಮವಾಗಿದ್ದೇನೆ’ ಎಂಬುದು ಮರ್ಯಾದೆಗಾಗಿ ಬರೆದದ್ದೂ ಇರಬಹುದು, ತಾಯಿಯ ಎದೆ ಒಡೆಯದಿರಲೆಂದು ಬರೆದದ್ದೂ ಇರಬಹುದು.

ತಮ್ಮ ಕಾಗದವನ್ನು ಪರರು ಓದುತ್ತಾರೆಂಬುದು ಸೈನಿಕರಿಗೆ ಬಲುಬೇಗ ತಿಳಿದುಹೋಯಿತು. ಅಲ್ಲಿಂದ ಮುಂದೆ ಅವರು ತೋರಿದ ಬುದ್ಧಿಯ ಚುರುಕು ಯಾವ ರಾಜತಂತ್ರಜ್ಞನಿಗೂ ಕಡಮೆಯದಲ್ಲ. 1915ರ ಆರಂಭದಲ್ಲಿ ಒಬ್ಬನು ಊರಿಗೆ ಬರೆದ ಕಾಗದದಲ್ಲಿ ವ್ಯಾಪಾರದ ವಾರ್ತೆಯಂತೆ ತೋರುವ ಒಂದು ಸಂಗತಿ ಬರುತ್ತದೆ: ಕರಿಮೆಣಸು ತೀರಿಹೋಯಿತು, ಈಗ ಕೆಂಪು ಮೆಣಸಿನ ಬಳಕೆ ನಡೆದಿದೆ, ಆದರೂ ಆಗಾಗ ಕರಿಮೆಣಸೇ ಬೇಕಾಗುತ್ತದೆ ಎಂಬುದು ಅದರ ತಾತ್ಪರ್ಯ. ಕರಿಯದೆಂದರೆ ಭಾರತದ ಸೈನ್ಯ, ಕೆಂಪೆಂದರೆ ಗೋರಾ ಸೈನ್ಯ. ಪಡೆಗಳು ಸವೆದುಹೋದ ಭಯಂಕರ ವಾರ್ತೆಯನ್ನು ಸಾಸಿವೆ ಡಬ್ಬಿಯ ಸಾಮಾನಿನ ಮಾತಿನಲ್ಲಿ ಮುಚ್ಚಿ ಕಳುಹಿಸಿದ ಆ ಮನುಷ್ಯನಿಗೆ, ಅದು ಸೆನ್ಸಾರಿನ ಪಟ್ಟಿಯಲ್ಲಿ ಶಾಶ್ವತವಾಗಿ ದಾಖಲಾದೀತೆಂಬ ಕಲ್ಪನೆಯಾದರೂ ಇದ್ದಿರಲಾರದು. ಗಾಯಗೊಂಡು ವಾಸಿಯಾದವರನ್ನು ಊರಿಗೆ ಕಳುಹಿಸದೆ ಪುನಃ ಕಂದಕಕ್ಕೆ ಅಟ್ಟುತ್ತಾರೆಂಬ ಸಂಕಟವು ಇಂಗ್ಲೆಂಡಿನ ಬ್ರೈಟನ್ ನಗರದ ಆಸ್ಪತ್ರೆಗಳಿಂದ ಬಂದ ಕಾಗದಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಮೈಮೇಲೆ ಹುಣ್ಣೆಬ್ಬಿಸಿಕೊಂಡು ರಣದಿಂದ ಪಾರಾಗಲೆಂದು ಊರಿನಿಂದ ಗೇರುಕಾಯಿಯನ್ನು ಕಳುಹಿಸಿಕೊಡಿರೆಂದು ಬೇಡಿದವರೂ ಉಂಟು. ಇವರನ್ನು ಹೇಡಿಗಳೆಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಉಂಡ ಉಪ್ಪಿನ ಋಣವನ್ನು ಒಮ್ಮೆ ರಕ್ತ ಸುರಿಸಿ ತೀರಿಸಿದವನನ್ನು ಎರಡನೆಯ ಸಲ ಅದೇ ಬೆಂಕಿಗೆ ನೂಕಿದಾಗ ಅವನಲ್ಲಿ ಹುಟ್ಟುವ ರೋಷಕ್ಕೆ ನ್ಯಾಯದ ಬಲವಿದೆ.

ಆದರೆ ಈ ಕಾಗದಗಳಲ್ಲಿ ಇರುವುದು ಬರಿಯ ಗೋಳಲ್ಲ. ಇದು ಯುದ್ಧವಲ್ಲ, ಪ್ರಳಯವೆಂದು ಬರೆದ ಒಬ್ಬನು ಮಹಾಭಾರತವನ್ನು ನೆನೆಯುತ್ತಾನೆ. ಮತ್ತೊಬ್ಬನು ಫ್ರಾನ್ಸಿನ ಹೆಂಗಸರು ಗಂಡಂದಿರಿಲ್ಲದ ಮನೆಯನ್ನೂ ಹೊಲವನ್ನೂ ತಾವೇ ನಡೆಸುವ ಬಗೆಯನ್ನು ಕಂಡು ಬೆರಗಾಗಿ, ನಮ್ಮ ಹೆಣ್ಣುಮಕ್ಕಳನ್ನೂ ಶಾಲೆಗೆ ಕಳುಹಿಸಿರೆಂದು ಮನೆಯವರಿಗೆ ತಾಕೀತು ಮಾಡುತ್ತಾನೆ. ಸಮಾಜಸುಧಾರಣೆಯ ಚರಿತ್ರೆಯನ್ನು ಬರೆಯುವವರು ಸಭೆಗಳ ಠರಾವುಗಳನ್ನು ಎಷ್ಟು ಶ್ರದ್ಧೆಯಿಂದ ಎಣಿಸುವರೋ ಅಷ್ಟೇ ಶ್ರದ್ಧೆಯಿಂದ ಈ ಸಾಲುಗಳನ್ನೂ ಎಣಿಸಬೇಕೆಂದು ನನ್ನ ಮತ. ಕೆಲವರು ಕಾಗದದ ನಡುವೆ ಪದ್ಯ ಕಟ್ಟತೊಡಗಿದರು. ಹೋವೆಲನು ಅದನ್ನು ಮನಸ್ಸಿನ ಕಳವಳದ ಅಪಶಕುನವೆಂದು ತನ್ನ ವರದಿಯಲ್ಲಿ ಗುರುತಿಸಿದನು. ಸರ್ಕಾರದ ಸೇವಕನಾದರೂ ಅವನ ಕಿವಿ ಸೂಕ್ಷ್ಮವಾಗಿತ್ತು.

ಇಷ್ಟಾದರೂ ಇವುಗಳನ್ನು ನಂಬಿ ಇತಿಹಾಸ ಬರೆಯುವವನು ಎಚ್ಚರ ತಪ್ಪಬಾರದು. ಸಿಪಾಯಿಗಳು ಬರೆಸಿದ ಮೂಲ ಕಾಗದಗಳು ಬಹುಮಟ್ಟಿಗೆ ಕಾಣೆಯಾಗಿವೆ. ನಮಗುಳಿದಿರುವುದು ಸೆನ್ಸಾರಿನವರು ಆಯ್ದ ತುಣುಕುಗಳ ಭಾಷಾಂತರ ಮಾತ್ರ. ಸರ್ಕಾರವು ಯಾವುದಕ್ಕೆ ಬೆದರಿತ್ತೋ ಅದು ಆಯ್ಕೆಯಲ್ಲಿ ಹೆಚ್ಚಾಗಿ ಸೇರಿತು. ಎತ್ತಿನ ಬೆಲೆ, ಮಳೆಬೆಳೆಯ ವಿಚಾರ, ತಂಗಿಯ ಮದುವೆಯ ಸಾಲ ಇಂಥವುಗಳಿಂದ ತುಂಬಿದ ಸಾವಿರಾರು ಕಾಗದಗಳು ಯಾವ ಗುರುತೂ ಉಳಿಯದಂತೆ ಟಪ್ಪಾಲು ಚೀಲದಲ್ಲಿ ಮುಂದೆ ಸಾಗಿಹೋದವು.

ಕಾಗದಕ್ಕಿಂತ ದಿನಚರಿಯ ದಾರಿ ಬೇರೆ. ಜಯಪುರದ ಅಮರಸಿಂಹನೆಂಬ ಅಧಿಕಾರಿಯು 1898ರಿಂದ 1942ರವರೆಗೆ ಇಂಗ್ಲಿಷಿನಲ್ಲಿ ಬರೆದಿಟ್ಟ ದಿನಚರಿಯು 89 ಸಂಪುಟಗಳಷ್ಟಿದೆ. ಫ್ರಾನ್ಸಿನ ಯುದ್ಧವನ್ನೂ ಅವನು ಅದರಲ್ಲಿ ಬರೆದಿದ್ದಾನೆ. ಆದರೆ ನನ್ನನ್ನು ಹೆಚ್ಚಾಗಿ ಕಲಕಿದುದು ಬಂಗಾಳದ ಶಿಶಿರ ಸರ್ವಾಧಿಕಾರಿಯ ದಿನಚರಿ. ಈತನು ಬೆಂಗಾಲ್ ಆಂಬುಲೆನ್ಸ್ ಕೋರ್ ಸೇರಿ ಮೆಸೊಪೊಟೇಮಿಯಕ್ಕೆ (ಈಗಿನ ಇರಾಕ್) ಹೋದವನು. ಟೈಗ್ರಿಸ್ ನದಿಯ ತಿರುವಿನಲ್ಲಿರುವ ಕೂಟ್ ಪಟ್ಟಣದಲ್ಲಿ ಬ್ರಿಟಿಷ್ ಸೈನ್ಯವು 147 ದಿನ ಮುತ್ತಿಗೆಯಲ್ಲಿ ಸಿಲುಕಿ, ಹಸಿವಿನಿಂದ ಕಂಗೆಟ್ಟು, 1916ರ ಏಪ್ರಿಲ್ 29ರಂದು ತುರ್ಕರಿಗೆ ಶರಣಾಯಿತು. ಶರಣಾದ ಸುಮಾರು 13,000 ಮಂದಿಯಲ್ಲಿ ಹೆಚ್ಚಿನವರು ಭಾರತೀಯರು. ಸೆರೆಸಿಕ್ಕ ಸರ್ವಾಧಿಕಾರಿಯು ತಾನು ಅಲ್ಲಿಯತನಕ ಬರೆದಿದ್ದ ಪುಸ್ತಕವನ್ನು ಹರಿದು, ಹಾಳೆಯ ಚೂರುಗಳನ್ನು ಬೂಟಿನೊಳಗೆ ಅಡಗಿಸಿಕೊಂಡನು. ಆ ಚೂರುಗಳ ಆಧಾರದಿಂದ ಮುಂದೆ ಬಾಗ್ದಾದಿನಲ್ಲಿ ಹೊಸ ಪುಸ್ತಕವೊಂದನ್ನು ತುಂಬಿಸಿದನು. ಸೆರೆಯಾಳುಗಳನ್ನು ಮುಂದೆ ಒಯ್ದ ರಾಸ್-ಅಲ್-ಐನ್‌ನಲ್ಲಿ ಅದನ್ನು ಕೆಲವು ದಿನ ನೆಲದಲ್ಲಿ ಹೂತಿಡಬೇಕಾಯಿತು. ಅರ್ಮೇನಿಯನ್ನರ ಮೇಲೆ ನಡೆದ ಘೋರ ಸಂಹಾರದ ಕುರುಹುಗಳನ್ನೂ ಬದುಕುಳಿದವರ ಪಾಡನ್ನೂ ಕಣ್ಣಾರೆ ಕಂಡು ಬರೆದ ಅಪೂರ್ವ ಸಾಕ್ಷಿ ಆತ. ‘ಅಭಿ ಲೇ ಬಾಗ್ದಾದ್’ ಎಂಬ ಹೆಸರಿನಲ್ಲಿ ಆ ಬರಹವು ಮುಂದೆ ಬಂಗಾಳಿಯಲ್ಲಿ ಅಚ್ಚಾಯಿತು. ಪ್ರಾಣವನ್ನು ಉಳಿಸಿಕೊಳ್ಳುವುದೇ ದುಸ್ತರವಾದ ಹೊತ್ತಿನಲ್ಲಿ ಹಾಳೆಗಳನ್ನು ಉಳಿಸಿಕೊಂಡವನ ಮಾತನ್ನು ಅಲಕ್ಷಿಸುವ ಅಧಿಕಾರ ಯಾವ ಇತಿಹಾಸಕಾರನಿಗೂ ಇಲ್ಲ.

ಅದೇ ಕೂಟ್ ಮುತ್ತಿಗೆಯಲ್ಲಿದ್ದ ವೈದ್ಯ ಕಲ್ಯಾಣ ಮುಖರ್ಜಿ ತಾಯಿಗೆ ಕಾಗದ ಬರೆಯುತ್ತಿದ್ದನು. ಪರರ ನೆಲವನ್ನು ಕಸಿಯುವುದನ್ನೇ ದೇಶಭಕ್ತಿಯೆಂದು ಕರೆಯುವ ಪಾಠವು ಈ ರಕ್ತಪಾತಕ್ಕೆ ಮೂಲವೆಂದು 1915ರಲ್ಲಿಯೇ ಬರೆದ ಆತನು 1917ರಲ್ಲಿ ಸೆರೆಯಲ್ಲಿ ತೀರಿಕೊಂಡನು. ವೃದ್ಧೆಯಾದ ಅಜ್ಜಿ ಮೋಕ್ಷದಾ ದೇವಿ ಮೊಮ್ಮಗನ ಕಾಗದಗಳನ್ನು ಜೋಡಿಸಿ, ಅವನ ಜೀವನವನ್ನು ‘ಕಲ್ಯಾಣ ಪ್ರದೀಪ’ವೆಂಬ ಗ್ರಂಥವಾಗಿ 1928ರಲ್ಲಿ ಹೊರತಂದಳು. ಮಹಾಯುದ್ಧದ ಬಗ್ಗೆ ಭಾರತದಲ್ಲಿ ಹುಟ್ಟಿದ ಶ್ರೇಷ್ಠ ಗ್ರಂಥಗಳಲ್ಲೊಂದು ಹೀಗೆ ಮುದುಕಿಯೊಬ್ಬಳ ದುಃಖದಿಂದ ಹುಟ್ಟಿತು.

ನಮ್ಮ ನಾಡಿಗೂ ಇದು ದೂರದ ಮಾತಲ್ಲ. 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೈನಿನ ಹೈಫಾ ಪಟ್ಟಣವನ್ನು ತುರ್ಕರಿಂದ ಗೆದ್ದಾಗ, ಜೋಧಪುರದ ರಾವುತರು ಊರಿನ ಮೇಲೆ ನುಗ್ಗಿದರೆ, ಮೈಸೂರಿನ ರಾವುತರು ಕಾರ್ಮೆಲ್ ಬೆಟ್ಟದ ಇಳಿಜಾರನ್ನು ಹತ್ತಿ ಅಲ್ಲಿದ್ದ ಫಿರಂಗಿಗಳನ್ನು ವಶಪಡಿಸಿಕೊಂಡರು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ. ಬೆಂಗಳೂರಿನ ಸ್ಯಾಪರ್ಸ್ ಪಡೆಯವರು ಮೆಸೊಪೊಟೇಮಿಯದಲ್ಲಿ ದುಡಿದರು. ಈಗ ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ದಳದ ಪೂರ್ವಿಕ ಪಡೆಗಳು ಕೂಟ್ ಮುತ್ತಿಗೆಯಲ್ಲಿ ಸಿಲುಕಿದ್ದವು. ವಿಜಯದ ದಿನಾಂಕವನ್ನು ಸ್ಮಾರಕವು ಹೇಳೀತು. ಆ ರಾವುತನು ಬೆಟ್ಟ ಹತ್ತುವ ಮುನ್ನಿನ ರಾತ್ರಿ ಏನನ್ನು ಯೋಚಿಸಿದನೆಂಬುದನ್ನು ಹೇಳಲಾರದು.

ಆದ್ದರಿಂದ ಓದುಗರಲ್ಲಿ ನನ್ನದೊಂದು ಬಿನ್ನಹ. ಕೊಡಗಿನಲ್ಲಾಗಲಿ ಬೆಳಗಾವಿಯಲ್ಲಾಗಲಿ ಹಳೆಯ ಮೈಸೂರು ಸೀಮೆಯಲ್ಲಾಗಲಿ, ದಂಡಿಗೆ ಹೋದ ಹಿರಿಯರಿದ್ದ ಮನೆಗಳಲ್ಲಿ ಅಟ್ಟದ ಪೆಟ್ಟಿಗೆಯೊಳಗೆ ಕಾಗದದ ಕಟ್ಟುಗಳಿದ್ದರೆ ರದ್ದಿಗೆ ಹಾಕಬೇಡಿರಿ. ಲಕೋಟೆಯ ಮೇಲಿನ ಟಪ್ಪಾಲು ಮುದ್ರೆಯಲ್ಲಿ ದಿನವೂ ಸ್ಥಳವೂ ಇರುವುದರಿಂದ ಅದನ್ನು ಕಾಗದದಿಂದ ಅಗಲಿಸಬೇಡಿರಿ. ಮೋಡಿ ಲಿಪಿಯಲ್ಲೋ ಉರ್ದುವಿನಲ್ಲೋ ಇದ್ದರೆ ಓದಬಲ್ಲವರು ಇನ್ನೂ ಇರುವಾಗಲೇ ಓದಿಸಿ, ನಕಲು ಮಾಡಿಸಿ, ಬರೆದವರು ಯಾರು, ಯಾರಿಗೆ ಏನಾಗಬೇಕಾದವರು ಎಂಬುದನ್ನು ಮನೆಯ ಹಿರಿಯರಿಂದ ಕೇಳಿ ಗುರುತು ಹಾಕಿರಿ. ಒಂದು ಪ್ರತಿಯನ್ನು ರಾಜ್ಯ ಪತ್ರಾಗಾರಕ್ಕೆ ಒಪ್ಪಿಸಿರಿ.