ಅಂತರ್ಜಾಲದ ಮೂಲಕ ವಿಶ್ವವಿದ್ಯಾಲಯ ವಿದ್ಯಾರ್ಥಿಗಳ ಅಂತರಸಾಂಸ್ಕೃತಿಕ ವಿನಿಮಯ

ಪೀಠಿಕೆ

ವಿವಿಧ ದೇಶಗಳ ವಿದ್ಯಾರ್ಥಿಗಳು ಅಧ್ಯಾಪಕರ ಮಾರ್ಗದರ್ಶನದಲ್ಲಿ, ಪಠ್ಯಕ್ರಮದ ಅಂಗವಾಗಿ, ಅಂತರ್ಜಾಲದ ಮೂಲಕ ಪರಸ್ಪರ ಸಂವಾದ ನಡೆಸಿ ಕಲಿಯುವ ಪದ್ಧತಿಯನ್ನು ಆನ್‌ಲೈನ್ ಅಂತರಸಾಂಸ್ಕೃತಿಕ ವಿನಿಮಯ ಎನ್ನಲಾಗುತ್ತದೆ. ಪ್ರಯಾಣ ವೆಚ್ಚ, ವೀಸಾ ಹಾಗೂ ವಿದೇಶ ವಾಸದ ಅಗತ್ಯವಿಲ್ಲದ ಕಾರಣ, ಬಾದಾಮಿ, ಹುನಗುಂದ, ಇಳಕಲ್‌ನಂತಹ ಊರುಗಳ ಕಾಲೇಜುಗಳಲ್ಲಿ ಓದುತ್ತಿರುವ, ಆರ್ಥಿಕ ಅನುಕೂಲವಿಲ್ಲದ ವಿದ್ಯಾರ್ಥಿಗಳಿಗೂ ಇದು ಎಟುಕುವಂತಹುದಾಗಿದೆ.

ಹಿನ್ನೆಲೆ

1997ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ 'ಕಲ್ಚುರಾ' ಯೋಜನೆ ಆರಂಭಗೊಂಡಿತು. ಅಮೆರಿಕ ಮತ್ತು ಫ್ರಾನ್ಸಿನ ವಿದ್ಯಾರ್ಥಿಗಳು ಒಂದೇ ಪ್ರಶ್ನಾವಳಿಗೆ ತಮ್ಮ ತಮ್ಮ ಭಾಷೆಯಲ್ಲಿ ಉತ್ತರಿಸಿ, ಉತ್ತರಗಳನ್ನು ಅಕ್ಕಪಕ್ಕದಲ್ಲಿರಿಸಿ ಚರ್ಚಿಸುವುದು ಇದರ ಕ್ರಮವಾಗಿತ್ತು. 2006ರಲ್ಲಿ ನ್ಯೂಯಾರ್ಕ್ ರಾಜ್ಯ ವಿಶ್ವವಿದ್ಯಾಲಯವು ಇಂತಹ ಸಹಯೋಗದ ಕಲಿಕೆಗಾಗಿ ಪ್ರತ್ಯೇಕ ಕೇಂದ್ರವನ್ನು ಸ್ಥಾಪಿಸಿತು. ಭಾರತದಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ 2020, ಸ್ವದೇಶದಲ್ಲಿಯೇ ಅಂತರರಾಷ್ಟ್ರೀಯ ಕಲಿಕೆಯ ವಾತಾವರಣ ಕಲ್ಪಿಸುವ ಆಶಯವನ್ನು ವ್ಯಕ್ತಪಡಿಸಿದೆ.

ಅನುಸರಿಸಬಹುದಾದ ಕ್ರಮ

1. ಉಭಯ ಸಂಸ್ಥೆಗಳ ಅಧ್ಯಾಪಕರು ವಿಷಯ, ಅವಧಿ, ಭಾಷೆ ಹಾಗೂ ಮೌಲ್ಯಮಾಪನ ವಿಧಾನವನ್ನು ಮುಂಚಿತವಾಗಿ ನಿರ್ಧರಿಸುವುದು.
2. ಮೊದಲ ಹಂತದಲ್ಲಿ ಪರಸ್ಪರ ಪರಿಚಯ, ಎರಡನೆಯ ಹಂತದಲ್ಲಿ ಹೋಲಿಕೆ ಮತ್ತು ಚರ್ಚೆ, ಕೊನೆಯ ಹಂತದಲ್ಲಿ ಜಂಟಿ ವರದಿ ಸಿದ್ಧಪಡಿಸುವುದು.
3. ಕಾಲವ್ಯತ್ಯಾಸವನ್ನು ಗಮನಿಸುವುದು. ಬಾದಾಮಿಯಲ್ಲಿ ಸಂಜೆ 6 ಗಂಟೆಯಾದಾಗ ಜರ್ಮನಿಯಲ್ಲಿ ಬೇಸಿಗೆಯಲ್ಲಿ ಮಧ್ಯಾಹ್ನ 2-30, ಚಳಿಗಾಲದಲ್ಲಿ 1-30 ಆಗಿರುತ್ತದೆ.
4. ಅಂತರ್ಜಾಲ ಸಂಪರ್ಕ ದುರ್ಬಲವಿರುವಲ್ಲಿ ನೇರ ವಿಡಿಯೋ ಸಂವಾದಕ್ಕಿಂತ ಬರಹ ಹಾಗೂ ಧ್ವನಿಮುದ್ರಿಕೆಗಳ ವಿನಿಮಯಕ್ಕೆ ಆದ್ಯತೆ ನೀಡುವುದು.

ಸ್ಥಳೀಯ ವಿಷಯಗಳು

ವಿನಿಮಯದ ಫಲವು ಆಯ್ದುಕೊಳ್ಳುವ ವಿಷಯವನ್ನು ಅವಲಂಬಿಸಿರುತ್ತದೆ. ಬಾಗಲಕೋಟೆ ಜಿಲ್ಲೆಯಲ್ಲಿ ಇದಕ್ಕೆ ಸಾಮಗ್ರಿ ವಿಪುಲವಾಗಿದೆ. ಮಲಪ್ರಭಾ ತೀರದ ಶಿವಯೋಗ ಮಂದಿರವನ್ನು 1909ರಲ್ಲಿ ಹಾನಗಲ್ಲ ಕುಮಾರ ಸ್ವಾಮಿಗಳು ಸ್ಥಾಪಿಸಿದರು. ವೀರಶೈವ ಮಠಗಳಿಗೆ ಯೋಗ್ಯ ಸ್ವಾಮಿಗಳನ್ನು ಸಿದ್ಧಗೊಳಿಸುವುದು ಇದರ ಉದ್ದೇಶ. ಗುರುವಿನ ಸನ್ನಿಧಿಯಲ್ಲಿಯೇ ವಾಸಿಸಿ ವಟುಗಳು ಪಡೆಯುವ ಶಿಕ್ಷಣವನ್ನು ಯುರೋಪಿನ ಕ್ರೈಸ್ತ ಮಠಗಳ ತರಬೇತಿಯೊಡನೆ ಹೋಲಿಸಿ ಅಧ್ಯಯನ ಮಾಡಬಹುದಾಗಿದೆ. ಸೀರೆಯ ಒಡಲಿನ ಹಾಸನ್ನು ಸೆರಗಿನ ಹಾಸಿನೊಡನೆ ಕೊಂಡಿ ಹಾಕಿ ಜೋಡಿಸುವ ಇಳಕಲ್ ನೇಕಾರಿಕೆ, 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಟ್ಟದಕಲ್ಲಿನ ದೇವಾಲಯಗಳು ಸಹ ಇಂತಹ ವಿಷಯಗಳಾಗಿವೆ. 'ಗುರು', 'ಮಠ', 'ದಾಸೋಹ' ಎಂಬ ಪದಗಳನ್ನು ಅನ್ಯಭಾಷಿಕರಿಗೆ ವಿವರಿಸಲು ತೊಡಗಿದಾಗ, ತಾವು ತಿಳಿದಿದ್ದೇವೆಂದು ಭಾವಿಸಿದ್ದ ಅರ್ಥವನ್ನು ವಿದ್ಯಾರ್ಥಿಗಳು ಮರುಪರಿಶೀಲಿಸಬೇಕಾಗುತ್ತದೆ. ಇದೇ ವಿನಿಮಯದ ಮುಖ್ಯ ಪ್ರಯೋಜನವಾಗಿದೆ.

ಗಮನಿಸಬೇಕಾದ ಅಂಶಗಳು

* ಕೇವಲ ಸಂಪರ್ಕದಿಂದ ಪರಸ್ಪರ ತಿಳಿವಳಿಕೆ ಬೆಳೆಯುವುದಿಲ್ಲ. ಮಾರ್ಗದರ್ಶನವಿಲ್ಲದ ಸಂವಾದವು ಪೂರ್ವಗ್ರಹಗಳನ್ನು ಇನ್ನಷ್ಟು ದೃಢಪಡಿಸುವ ಸಾಧ್ಯತೆಯಿರುತ್ತದೆ. ಆದುದರಿಂದ ಪ್ರತಿ ಹಂತದ ನಂತರ ತರಗತಿಯಲ್ಲಿ ಚರ್ಚೆ ಅವಶ್ಯಕ.
* ಇಂಗ್ಲಿಷ್‌ನಲ್ಲಿ ಹಿಂಜರಿಯುವ ವಿದ್ಯಾರ್ಥಿಗಳು ಮೌನವಾಗಿ ಉಳಿಯದಂತೆ, ಕನ್ನಡದಲ್ಲಿ ಬರೆದು ಸಹಪಾಠಿಗಳ ನೆರವಿನಿಂದ ಭಾಷಾಂತರಿಸಲು ಅವಕಾಶವಿರಬೇಕು.
* ಮಠ, ದೇವಾಲಯ, ಮಗ್ಗದ ಮನೆಗಳಲ್ಲಿ ಛಾಯಾಚಿತ್ರ ಅಥವಾ ಧ್ವನಿಮುದ್ರಣಕ್ಕೆ ಮುನ್ನ ಸಂಬಂಧಪಟ್ಟವರ ಒಪ್ಪಿಗೆ ಪಡೆಯುವುದು. ವಟುಗಳ ಹಾಗೂ ಇತರ ಅಪ್ರಾಪ್ತ ವಯಸ್ಕರ ವಿಷಯದಲ್ಲಿ ವಿಶೇಷ ಎಚ್ಚರಿಕೆ ಅಗತ್ಯ.
* ಇಂತಹ ವಿನಿಮಯವು ಜಂಟಿ ಪದವಿಯಲ್ಲ. ವಿದ್ಯಾರ್ಥಿಯು ತನ್ನ ವಿಶ್ವವಿದ್ಯಾಲಯದ ಪತ್ರಿಕೆಯ ಅಂಗವಾಗಿಯೇ ಅಂಕಗಳನ್ನು ಪಡೆಯುತ್ತಾನೆ/ಳೆ. ಆದ್ದರಿಂದ ಆಂತರಿಕ ಮೌಲ್ಯಮಾಪನದಲ್ಲಿ ಇದಕ್ಕೆ ಸ್ಥಾನವಿರುವುದನ್ನು ಕಾಲೇಜುಗಳು ಆರಂಭದಲ್ಲಿಯೇ ಖಚಿತಪಡಿಸಿಕೊಳ್ಳತಕ್ಕದ್ದು.