ಸ್ಟೆಪ್ನಿಯ ಕಥೆ ಮತ್ತು ಗಾಳಿಯಂತ್ರದ ಆಯ್ಕೆ



ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯಗಳಲ್ಲಿ ಉದ್ಯೋಗದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಈಗ ಕಾರಿನ ಒಡೆಯರು. ಟೈರಿಗೆ ಗಾಳಿ ತುಂಬುವ ಪುಟ್ಟ ಯಂತ್ರವನ್ನು ಕೊಳ್ಳಬೇಕೇ, ಕೊಂಡರೆ ಎಂಥದ್ದನ್ನು ಎಂಬುದು ಅವರ ಪ್ರಶ್ನೆ. ಯಾವ ಪ್ರಶ್ನೆಯನ್ನೂ ಅದರ ಮೂಲದಿಂದ ಆರಂಭಿಸುವುದು ಮೇಷ್ಟರ ಅಭ್ಯಾಸವಲ್ಲವೇ! ಇದರ ಉತ್ತರವಂತೂ ನಾವೆಲ್ಲ ದಿನನಿತ್ಯ ಬಳಸುವ ‘ಸ್ಟೆಪ್ನಿ’ ಎಂಬ ಪದದ ಚರಿತ್ರೆಯಲ್ಲೇ ಅಡಗಿದೆ.

1882ರಲ್ಲಿ ಮೈಸೂರಿನ ಹತ್ತನೆಯ ಚಾಮರಾಜ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ ಭೂಮಿಯನ್ನು ದಾನವಿತ್ತರು. ವೈಟ್‌ಫೀಲ್ಡ್ ಹುಟ್ಟಿದ್ದು ಹಾಗೆ. ಅಂದು ಅಲ್ಲಿಗೆ ಸಾಮಾನು ಹೊತ್ತು ಬಂದ ಗಾಡಿಗಳ ಗಾಲಿಗಳಿಗೆ ಕಬ್ಬಿಣದ ಪಟ್ಟಿಯೇ ಗತಿ. ಗಾಳಿ ತುಂಬಿದ ಟೈರು ಬಳಕೆಗೆ ಬಂದಿರಲಿಲ್ಲ. 1845ರಲ್ಲಿಯೇ ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ ಅದಕ್ಕೆ ಪೇಟೆಂಟ್ ಪಡೆದಿದ್ದರೂ ಲೋಕ ಅದನ್ನು ಮರೆತುಬಿಟ್ಟಿತ್ತು. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಅದೇ ವಿಚಾರಕ್ಕೆ ಮರುಜೀವ ಕೊಟ್ಟರು. ಮಗನ ಮೂರು ಗಾಲಿಯ ಸೈಕಲ್ಲು ಹಿತವಾಗಿ ಓಡಲೆಂದು ಮಾಡಿದ ಪ್ರಯೋಗವೇ ಅದಕ್ಕೆ ಪ್ರೇರಣೆ.

ಅಂದಿನಿಂದ ಪಯಣಿಗನ ಹೆಗಲಿಗೆ ಹೊಸದೊಂದು ಹೊಣೆ ಬಿದ್ದಿತು. ತನ್ನ ಗಾಳಿಯನ್ನು ತಾನೇ ತುಂಬಿಕೊಳ್ಳಬೇಕು! ಆರಂಭದ ಕಾರುಗಳಲ್ಲಿ ಹೆಚ್ಚುವರಿ ಚಕ್ರವಿರಲಿಲ್ಲ. ಪಂಕ್ಚರಾದರೆ ರಸ್ತೆಬದಿಯಲ್ಲಿ ಟ್ಯೂಬು ತೆಗೆದು, ತೇಪೆ ಹಚ್ಚಿ, ಕೈಪಂಪಿನಿಂದ ಬೆವರು ಸುರಿಸಬೇಕಿತ್ತು. ಈ ಕಷ್ಟವನ್ನು ಕಂಡು 1904ರಲ್ಲಿ ವೇಲ್ಸ್ ನಾಡಿನ ಲಾನೆಲ್ಲಿ ಎಂಬ ಊರಿನ ಡೇವಿಸ್ ಸಹೋದರರು, ಗಾಳಿ ತುಂಬಿದ ಟೈರನ್ನು ಹೊತ್ತ, ಅರೆಕಾಲುಗಳಿಲ್ಲದ ಚಕ್ರವೊಂದನ್ನು ಮಾರಾಟಕ್ಕೆ ತಂದರು. ಕೆಟ್ಟ ಚಕ್ರಕ್ಕೆ ಅದನ್ನು ಬಿಗಿದು ಮುಂದೆ ಸಾಗಬಹುದಿತ್ತು. ಅವರ ಅಂಗಡಿ ಇದ್ದ ಬೀದಿಯ ಹೆಸರು ಸ್ಟೆಪ್ನಿ. ಆ ಬೀದಿಯ ಹೆಸರು ನಮ್ಮ ಮೆಕ್ಯಾನಿಕ್ಕುಗಳ ಬಾಯಲ್ಲಿ ಇಂದಿಗೂ ಉಳಿದಿರುವುದು ಭಾಷೆಯ ಸೋಜಿಗವೇ ಸರಿ.

ಸ್ಟೆಪ್ನಿ ಬಂದ ಮೇಲೆ ಕಾರಿನವರು ಪಂಪನ್ನು ಮರೆತರು. ಗಾಳಿ ಎಂಬುದು ಪೆಟ್ರೋಲ್ ಬಂಕಿನವರ, ಪಂಕ್ಚರ್ ಅಂಗಡಿಯವರ ಕೆಲಸವಾಯಿತು. 1970ರ ದಶಕದಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶವೂ ಎಲೆಕ್ಟ್ರಾನಿಕ್ ಸಿಟಿಯೂ ರೂಪುಗೊಂಡವು. ಕಾರ್ಖಾನೆಗೆ ಸೈಕಲ್ಲಿನಲ್ಲಿ ಹೋಗುವವನು ಮಾತ್ರ ಪಂಪು ಹೊಡೆಯುವ ಶ್ರಮವನ್ನು ಬಿಟ್ಟಿರಲಿಲ್ಲ.

ಈಗ ಚಕ್ರ ಹಿಂದಕ್ಕೆ ಉರುಳುತ್ತಿದೆ. ಟ್ಯೂಬ್‌ಲೆಸ್ ಟೈರಿಗೆ ಮೊಳೆ ಚುಚ್ಚಿದರೆ ಗಾಳಿ ಸಾಮಾನ್ಯವಾಗಿ ನಿಧಾನವಾಗಿ ಇಳಿಯುತ್ತದೆ. ಇದನ್ನು ಗಮನಿಸಿಯೇ ಕೇಂದ್ರ ಸರ್ಕಾರ 2020ರಲ್ಲಿ ನಿಯಮ ತಿದ್ದಿತು: ಟ್ಯೂಬ್‌ಲೆಸ್ ಟೈರು, ಒತ್ತಡ ತಿಳಿಸುವ ಸಾಧನ ಹಾಗೂ ದುರಸ್ತಿ ಕಿಟ್ ಇರುವ ಕಾರುಗಳಿಗೆ ಸ್ಟೆಪ್ನಿ ಕಡ್ಡಾಯವಲ್ಲ. ಕೆಲವು ಕಾರುಗಳು ಈಗ ಸ್ಟೆಪ್ನಿಯಿಲ್ಲದೆಯೇ ಬರುತ್ತಿವೆ. ಎಂದರೆ, ಪಯಣಿಗನು ತನ್ನ ಗಾಳಿಯನ್ನು ತಾನೇ ಒಯ್ಯಬೇಕಾದ ಕಾಲ ಮರಳಿದೆ. ನಿಮ್ಮ ಕಾರಿನಲ್ಲಿ ಸ್ಟೆಪ್ನಿ ಇದೆಯೇ ಎಂದು ಇಂದೇ ನೋಡಿಕೊಳ್ಳಿ. ಇಲ್ಲವಾದರೆ ಗಾಳಿಯಂತ್ರ ನಿಮಗೆ ಶೋಕಿಯಲ್ಲ, ಅಗತ್ಯ.

ಇನ್ನು ಆಯ್ಕೆಯ ವಿಚಾರ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ‘150 ಪಿಎಸ್‌ಐ’ ಎಂದು ಬರೆದಿರುತ್ತದೆ. ನಿಮ್ಮ ಕಾರಿಗೆ ಬೇಕಾದದ್ದು 33ರ ಆಸುಪಾಸು. ಆ 150 ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ನೋಡಬೇಕಾದದ್ದು ನಿಮಿಷಕ್ಕೆ ಎಷ್ಟು ಲೀಟರ್ ಗಾಳಿ ಎಂಬುದನ್ನು. ಬಾಯಲ್‌ನ ನಿಯಮ ನೆನಪಿದೆಯೇ? ಸಾಧಾರಣ ಕಾರಿನ ಟೈರಿನೊಳಗೆ 30 ಲೀಟರಿನಷ್ಟು ಜಾಗವಿದೆ ಎನ್ನಿ. ಬೆಂಗಳೂರಿನ ಎತ್ತರದಲ್ಲಿ ವಾಯುವಿನ ಒತ್ತಡ ಸುಮಾರು 13 ಪಿಎಸ್‌ಐ. ಪೂರ್ತಿ ಇಳಿದ ಟೈರನ್ನು 33ಕ್ಕೆ ಏರಿಸಲು ಹೊರಗಿನ ಗಾಳಿ 75 ಲೀಟರಿನಷ್ಟು ಬೇಕು. ನಿಮಿಷಕ್ಕೆ 35 ಲೀಟರ್ ಎಳೆಯುವ ಯಂತ್ರಕ್ಕೆ ಇದು ಎರಡು ಮೂರು ನಿಮಿಷದ ಕೆಲಸ. 10 ಲೀಟರ್ ಎಳೆಯುವ ಬಡಪಾಯಿಗೆ ಏಳೆಂಟು ನಿಮಿಷ. ಅಷ್ಟರಲ್ಲಿ ಅದು ಕಾದು ಸುಸ್ತಾಗಿರುತ್ತದೆ.

ಎರಡನೆಯದು ವಿದ್ಯುತ್ತು. ಕಾರಿನ 12 ವೋಲ್ಟ್ ಸಾಕೆಟ್ಟಿಗೆ 10 ಆಂಪಿಯರಿನ ಫ್ಯೂಸಿದ್ದರೆ ಅದು ತಾಳುವುದು 120 ವಾಟ್ ಮಾತ್ರ. ಅದಕ್ಕಿಂತ ಬಲವಾದ ಯಂತ್ರ ತಗುಲಿಸಿದರೆ ಫ್ಯೂಸು ಹೋದೀತು. ಆದ್ದರಿಂದ ಕಾರಿನ ಕೈಪಿಡಿಯನ್ನು ಮೊದಲು ಓದಿ. ಕಾರಿನವರಿಗೆ ವೈರಿನ ಯಂತ್ರವೇ ಮೇಲು. ವೈರು ಹಿಂದಿನ ಚಕ್ರದವರೆಗೂ ಎಟುಕಬೇಕು. ಬ್ಯಾಟರಿಯ ಯಂತ್ರ ಸ್ಕೂಟರಿನವರಿಗೆ ಅನುಕೂಲ. ಆದರೆ ಚಾರ್ಜ್ ಮಾಡಲು ಮರೆತರೆ ಬೇಕಾದ ದಿನವೇ ಅದು ಕೈಕೊಡುತ್ತದೆ. ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಅದರ ಆಯುಸ್ಸೂ ಕ್ಷೀಣಿಸುತ್ತದೆ. ಹೇಳಿದ ಒತ್ತಡಕ್ಕೆ ತಾನೇ ನಿಲ್ಲುವ ವ್ಯವಸ್ಥೆ ಎರಡರಲ್ಲೂ ಇರಲಿ.

ಈ ಯಂತ್ರದ ನಿಜವಾದ ಉಪಯೋಗ ಪಂಕ್ಚರಾದ ದಿನದ್ದಲ್ಲ. ಕಾರು ಓಡಿದರೆ ಟೈರು ಬಿಸಿಯಾಗಿ ಒಳಗಿನ ಒತ್ತಡ ಏರುತ್ತದೆ. ಬಂಕಿನವರೆಗೆ ಓಡಿಸಿಕೊಂಡು ಹೋಗಿ ಅಳೆದರೆ ಕಾಣುವುದು ಏರಿದ ಅಂಕಿ. ಚಾಲಕನ ಬಾಗಿಲ ಬಳಿ ಅಂಟಿಸಿದ ಚೀಟಿ ಹೇಳುವುದಾದರೋ ತಣ್ಣಗಿನ ಟೈರಿನ ಲೆಕ್ಕ. ಮನೆಯಂಗಳದಲ್ಲಿ, ಬೆಳಗ್ಗೆ, ಕಾರು ಹೊರಡುವ ಮುನ್ನ ಅಳೆದು ತುಂಬುವುದೇ ಸರಿಯಾದ ಕ್ರಮ. ತಿಂಗಳಿಗೊಮ್ಮೆ ಸಾಕು. ಗಾಳಿ ಕಡಿಮೆಯಿರುವ ಟೈರಿನ ಪಕ್ಕೆಗಳು ಬಾಗಿ ಬಾಗಿ ಕಾಯುತ್ತವೆ. ವೇಗದಲ್ಲಿ ಸಿಡಿಯುವ ಅಪಾಯ ಹೆಚ್ಚುತ್ತದೆ. 2010ರಲ್ಲಿ ತೆರೆದ ಎಲೆಕ್ಟ್ರಾನಿಕ್ ಸಿಟಿಯ ಸುಮಾರು 10 ಕಿಲೋಮೀಟರ್ ಉದ್ದದ ಮೇಲುರಸ್ತೆಯಲ್ಲಿ ಹಾಗಾದರೆ ಗತಿಯೇನು? ರಾತ್ರಿಪಾಳಿ ಮುಗಿಸಿ ಮರಳುವ ಹೆಣ್ಣುಮಕ್ಕಳನ್ನು ನೆನೆದು ಈ ಮಾತು ಹೇಳುತ್ತಿದ್ದೇನೆ.

ಟೈರಿನ ಪಕ್ಕೆಯೇ ಹರಿದಿದ್ದರೆ ಯಾವ ಯಂತ್ರವೂ ನೆರವಾಗದು. ನೆರವಿನ ವಾಹನವನ್ನೇ ಕರೆಸಬೇಕು. ಮೊಳೆಯಾದರೆ ಅದನ್ನು ಕೀಳಬೇಡಿ. ಸುರಕ್ಷಿತ ಜಾಗದಲ್ಲಿ ನಿಂತು, ಗಾಳಿ ತುಂಬಿಕೊಂಡು, ಹತ್ತಿರದ ಪಂಕ್ಚರ್ ಅಂಗಡಿಗೆ ನಿಧಾನವಾಗಿ ಹೋಗಿ. ಅಂಗಡಿಯವನಿಗೆ ನಾಲ್ಕು ಕಾಸು ಸಿಗಲಿ, ನೀವು ಕ್ಷೇಮವಾಗಿ ಮನೆ ಸೇರಿ.