ಬಂಜೆತನ ಚಿಕಿತ್ಸೆಯ ಪ್ರಯೋಗ: ಹುಡುಕುವುದು ಹೇಗೆ, ಸೇರುವ ಮುನ್ನ ಕೇಳಬೇಕಾದ್ದೇನು?

ಮದುವೆಯಾಗಿ ವರ್ಷಗಳು ಉರುಳಿದರೂ ಮಡಿಲು ತುಂಬದ ದಂಪತಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುವುದು ಹೊಸತೇನಲ್ಲ. ಗರ್ಭನಿರೋಧಕ ಬಳಸದೆ 12 ತಿಂಗಳು ಕಳೆದರೂ ಗರ್ಭ ನಿಲ್ಲದಿದ್ದರೆ ವೈದ್ಯಶಾಸ್ತ್ರ ಅದನ್ನು ಬಂಜೆತನವೆಂದು ಪರಿಗಣಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ ವಯಸ್ಕರಲ್ಲಿ ಸುಮಾರು ಆರರಲ್ಲಿ ಒಬ್ಬರು ಜೀವಿತಾವಧಿಯಲ್ಲಿ ಒಮ್ಮೆಯಾದರೂ ಈ ತೊಂದರೆ ಎದುರಿಸುತ್ತಾರೆ. ಇಂಥವರಿಗೆ ‘ಹೊಸ ಚಿಕಿತ್ಸೆಯ ಪ್ರಯೋಗ ನಡೆಯುತ್ತಿದೆ, ಸೇರುತ್ತೀರಾ?’ ಎಂಬ ವೈದ್ಯರ ಒಂದು ಮಾತು ದೊಡ್ಡ ಆಸೆ ಹುಟ್ಟಿಸಬಲ್ಲದು. ಆದರೆ ಕ್ಲಿನಿಕಲ್ ಟ್ರಯಲ್‌ನ ಮೊದಲ ಉದ್ದೇಶ ಒಂದು ಪ್ರಶ್ನೆಗೆ ಉತ್ತರ ಕಂಡುಕೊಳ್ಳುವುದು. ಮಗುವಾಗುತ್ತದೆ ಎಂಬ ಭರವಸೆಯನ್ನು ಅದು ನೀಡುವುದಿಲ್ಲ.

ಒಂದೇ ಮಾತ್ರೆ, ಎರಡು ಪ್ರಯೋಗ

ಒಪ್ಪಿಗೆ ಎಂಬುದು ಎಷ್ಟು ಮುಖ್ಯ ಎಂಬುದಕ್ಕೆ ಲೆಟ್ರೊಜೋಲ್ ಮಾತ್ರೆಯ ಕಥೆಯೇ ನಿದರ್ಶನ. ಇದು ಸ್ತನ ಕ್ಯಾನ್ಸರ್ ಚಿಕಿತ್ಸೆಗೆ ಬಂದ ಔಷಧ. 2003ರಲ್ಲಿ ಭಾರತದ ಹಲವೆಡೆ ಮಕ್ಕಳಾಗದ 400ಕ್ಕೂ ಹೆಚ್ಚು ಮಹಿಳೆಯರಿಗೆ, ಅವರ ಅರಿವಿಗೆ ಬಾರದಂತೆ, ಇದನ್ನು ನೀಡಿ ಅಂಡೋತ್ಪತ್ತಿ ಆಗುತ್ತದೆಯೇ ಎಂದು ಪರೀಕ್ಷಿಸಿದ ಪ್ರಕರಣ ಭಾರಿ ವಿವಾದಕ್ಕೆ ಕಾರಣವಾಯಿತು. 2011ರಲ್ಲಿ ಕೇಂದ್ರ ಸರ್ಕಾರ ಬಂಜೆತನ ಚಿಕಿತ್ಸೆಯಲ್ಲಿ ಅದರ ಬಳಕೆಯನ್ನೇ ನಿಷೇಧಿಸಿತು.

ಅದೇ ಮಾತ್ರೆಯನ್ನು ಅಮೆರಿಕದಲ್ಲಿ ನಿಯಮಬದ್ಧವಾಗಿ ಪರೀಕ್ಷಿಸಲಾಯಿತು. ಪಿಸಿಒಎಸ್ ಸಮಸ್ಯೆಯಿದ್ದ 750 ಮಹಿಳೆಯರು ಒಪ್ಪಿಗೆ ನೀಡಿ ಪಾಲ್ಗೊಂಡ ಆ ಅಧ್ಯಯನದ ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ಲೆಟ್ರೊಜೋಲ್ ಪಡೆದವರಲ್ಲಿ ಶೇ 27.5ರಷ್ಟು, ಹಳೆಯ ಔಷಧ ಕ್ಲೊಮಿಫೀನ್ ಪಡೆದವರಲ್ಲಿ ಶೇ 19.1ರಷ್ಟು ಮಹಿಳೆಯರಿಗೆ ಮಗುವಾಗಿತ್ತು. ಭಾರತದಲ್ಲಿ ನಿಷೇಧ ತೆರವಾದದ್ದು 2017ರಲ್ಲಿ. ಔಷಧ ಉಪಯುಕ್ತವೆಂದು ಕಂಡುಬಂದರೂ, ಹೇಳದೆ ಕೇಳದೆ ಪ್ರಯೋಗಕ್ಕೆ ಒಳಪಡಿಸಿದ್ದು ಅದರಿಂದ ಸರಿಯಾಗಲಿಲ್ಲ.

ಹುಡುಕುವುದು ಎಲ್ಲಿ?

ದೇಶದಲ್ಲಿ ನಡೆಯುವ ಪ್ರಯೋಗಗಳ ಸಾರ್ವಜನಿಕ ದಾಖಲೆಯೇ ‘ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ – ಇಂಡಿಯಾ’ (ಸಿಟಿಆರ್‌ಐ). ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2007ರ ಜುಲೈನಲ್ಲಿ ಇದನ್ನು ಆರಂಭಿಸಿತು. 2018ರ ಏಪ್ರಿಲ್‌ನಿಂದ, ಮೊದಲ ವ್ಯಕ್ತಿಯನ್ನು ಪ್ರಯೋಗಕ್ಕೆ ಸೇರಿಸಿಕೊಳ್ಳುವ ಮುನ್ನವೇ ಇಲ್ಲಿ ನೋಂದಣಿಯಾಗಿರಬೇಕೆಂಬ ನಿಯಮವಿದೆ. ಅಂತರ್ಜಾಲದಲ್ಲಿ ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ‘ಇನ್‌ಫರ್ಟಿಲಿಟಿ’, ‘ಐವಿಎಫ್’, ‘ಪಿಸಿಒಎಸ್’ ಮುಂತಾದ ಪದಗಳನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿ ಹುಡುಕಬೇಕು.

ಪ್ರತಿ ದಾಖಲೆಯಲ್ಲೂ ಪ್ರಯೋಗ ನಡೆಯುವ ಆಸ್ಪತ್ರೆ, ಹಣ ನೀಡುವವರು, ಯಾರು ಸೇರಬಹುದು, ಯಾರು ಸೇರುವಂತಿಲ್ಲ, ನೈತಿಕ ಸಮಿತಿಯ ಅನುಮೋದನೆ ದೊರೆತಿದೆಯೇ, ಇನ್ನೂ ಜನರನ್ನು ಸೇರಿಸಿಕೊಳ್ಳಲಾಗುತ್ತಿದೆಯೇ, ಯಾರನ್ನು ಸಂಪರ್ಕಿಸಬೇಕು ಎಂಬ ವಿವರಗಳಿರುತ್ತವೆ. ಸ್ನಾತಕೋತ್ತರ ವಿದ್ಯಾರ್ಥಿಗಳ ಪ್ರಬಂಧಕ್ಕಾಗಿ ನಡೆಯುವ ಅಧ್ಯಯನಗಳೂ ಆಯುರ್ವೇದ ಔಷಧಗಳ ಅಧ್ಯಯನಗಳೂ ಇದರಲ್ಲಿ ಸೇರಿವೆ. ನೋಂದಣಿಯಾಗಿದೆ ಎಂದಮಾತ್ರಕ್ಕೆ ಆ ಚಿಕಿತ್ಸೆ ಗುಣಕಾರಿ ಎಂದು ಸರ್ಕಾರ ಪ್ರಮಾಣೀಕರಿಸಿದೆ ಎಂದರ್ಥವಲ್ಲ. ಆದರೆ ನೋಂದಣಿ ಸಂಖ್ಯೆಯನ್ನೇ ಹೇಳಲಾಗದ ‘ಪ್ರಯೋಗ’ವನ್ನು ಅನುಮಾನದಿಂದಲೇ ನೋಡಬೇಕಾಗುತ್ತದೆ.

ಆಯ್ಕೆ ಮತ್ತು ಅದೃಷ್ಟ

ಬಯಸಿದವರಿಗೆಲ್ಲ ಪ್ರವೇಶ ಸಿಗುವುದಿಲ್ಲ. ವಯಸ್ಸು, ತೂಕ, ಅಂಡಾಶಯದ ಸ್ಥಿತಿ, ವೀರ್ಯಾಣುಗಳ ಸಂಖ್ಯೆ, ಹಿಂದಿನ ಚಿಕಿತ್ಸೆಗಳು ಇತ್ಯಾದಿ ಮಾನದಂಡಗಳಿರುತ್ತವೆ. ಆದ್ದರಿಂದ ಹಳೆಯ ಸ್ಕ್ಯಾನಿಂಗ್ ವರದಿ, ಹಾರ್ಮೋನ್ ಪರೀಕ್ಷೆ, ವೀರ್ಯ ಪರೀಕ್ಷೆಯ ಫಲಿತಾಂಶಗಳನ್ನು ಒಂದೆಡೆ ಜೋಡಿಸಿಟ್ಟುಕೊಂಡು ಹೋಗುವುದು ಒಳಿತು. ಆಯ್ಕೆಯಾದ ಮೇಲೂ ಹೊಸ ಚಿಕಿತ್ಸೆ ಸಿಕ್ಕೇ ಸಿಗುತ್ತದೆ ಎನ್ನುವಂತಿಲ್ಲ. ಬಹಳಷ್ಟು ಪ್ರಯೋಗಗಳಲ್ಲಿ ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಹೊಸ ಔಷಧವನ್ನೂ ಇನ್ನೊಂದಕ್ಕೆ ಹಳೆಯ ಔಷಧ ಅಥವಾ ಔಷಧಾಂಶವಿಲ್ಲದ ಹುಸಿ ಮಾತ್ರೆಯನ್ನೂ ನೀಡಲಾಗುತ್ತದೆ.

ಹೊಸದೆಲ್ಲ ಉತ್ತಮವೆಂದೂ ಭಾವಿಸಬೇಕಿಲ್ಲ. ಐವಿಎಫ್‌ಗೆ ಮುನ್ನ ಗರ್ಭಕೋಶದ ಒಳಪದರವನ್ನು ಲಘುವಾಗಿ ಕೆರೆದರೆ ಭ್ರೂಣ ಚೆನ್ನಾಗಿ ಅಂಟಿಕೊಳ್ಳುತ್ತದೆ ಎಂದು ಅನೇಕ ಕಡೆ ಈ ವಿಧಾನವನ್ನು ಅನುಸರಿಸಲಾಗುತ್ತಿತ್ತು. ಐದು ದೇಶಗಳ 1,364 ಮಹಿಳೆಯರು ಪಾಲ್ಗೊಂಡು 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಕೆರೆಸಿಕೊಂಡವರಲ್ಲೂ ಕೆರೆಸಿಕೊಳ್ಳದವರಲ್ಲೂ ಮಗುವಾದ ಪ್ರಮಾಣ ಶೇ 26.1. ಪುರುಷರಿಗೆ ನೀಡುವ ಸತು ಮತ್ತು ಫೋಲಿಕ್ ಆಮ್ಲದ ಮಾತ್ರೆಗಳಿಂದಲೂ ಮಗುವಾಗುವ ಪ್ರಮಾಣ ಹೆಚ್ಚುವುದಿಲ್ಲ ಎಂದು 2,370 ದಂಪತಿಗಳ ಮೇಲೆ ಅಮೆರಿಕದಲ್ಲಿ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅನವಶ್ಯಕ ನೋವು, ಖರ್ಚು ತಪ್ಪಿಸುವ ಇಂಥ ಉತ್ತರಗಳೂ ಪ್ರಯೋಗದಿಂದಲೇ ಸಿಗುತ್ತವೆ.

ಕಾನೂನು ನೀಡಿರುವ ರಕ್ಷಣೆ

ಹೊಸ ಔಷಧಗಳ ಪ್ರಯೋಗಕ್ಕೆ 2019ರ ‘ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು’ ಅನ್ವಯಿಸುತ್ತವೆ. ಕನಿಷ್ಠ ಏಳು ಸದಸ್ಯರ ನೈತಿಕ ಸಮಿತಿ ಪ್ರಯೋಗವನ್ನು ಪರಿಶೀಲಿಸಬೇಕು. ಪಾಲ್ಗೊಳ್ಳುವವರಿಗೆ ಅರ್ಥವಾಗುವ ಭಾಷೆಯಲ್ಲಿ ಮಾಹಿತಿ ಪತ್ರ ನೀಡಿ, ಲಿಖಿತ ಒಪ್ಪಿಗೆ ಪಡೆದು, ಅದರ ಪ್ರತಿಯನ್ನು ಅವರಿಗೂ ಕೊಡಬೇಕು. ಪ್ರಯೋಗದ ಕಾರಣದಿಂದ ಹಾನಿಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರ ಪಡೆಯುವ ಹಕ್ಕಿದೆ. ತಂದೆ ಅಥವಾ ತಾಯಿ ಪ್ರಯೋಗದಲ್ಲಿ ಪಾಲ್ಗೊಂಡ ಕಾರಣಕ್ಕೆ ಗರ್ಭದಲ್ಲಿರುವ ಶಿಶುವಿಗೆ ಆಗುವ ಹಾನಿಯೂ ಇದರ ವ್ಯಾಪ್ತಿಗೆ ಬರುತ್ತದೆ ಎಂಬುದು ಸಂತಾನಾಪೇಕ್ಷಿಗಳು ಮರೆಯಬಾರದ ಅಂಶ. ಯಾವುದೇ ಹಂತದಲ್ಲಿ, ಕಾರಣ ಹೇಳದೆಯೂ, ಪ್ರಯೋಗದಿಂದ ಹೊರಬರಬಹುದು. ಇದರಿಂದ ಮಾಮೂಲಿ ಚಿಕಿತ್ಸೆಗೆ ಅಡ್ಡಿಯಾಗಕೂಡದು.

ಐವಿಎಫ್‌ನಂಥ ಚಿಕಿತ್ಸೆಗೆ 2021ರ ಎಆರ್‌ಟಿ ಕಾಯ್ದೆಯೂ ಅನ್ವಯಿಸುತ್ತದೆ. ಕ್ಲಿನಿಕ್ ನೋಂದಾಯಿತವಾಗಿರಬೇಕು, ಪತಿ-ಪತ್ನಿ ಇಬ್ಬರ ಲಿಖಿತ ಒಪ್ಪಿಗೆಯೂ ಬೇಕು. ಉಳಿದ ಭ್ರೂಣಗಳನ್ನು ದಂಪತಿಯ ಒಪ್ಪಿಗೆಯಿಲ್ಲದೆ ಸಂಶೋಧನೆಗೆ ಕೊಡುವಂತಿಲ್ಲ.

ಹಣದ ವಿಚಾರದಲ್ಲಿ ಐಸಿಎಂಆರ್‌ನ 2017ರ ಮಾರ್ಗಸೂಚಿ ಸ್ಪಷ್ಟವಾಗಿದೆ. ಮಾಮೂಲಿ ಚಿಕಿತ್ಸೆಯ ವೆಚ್ಚ ಬೇರೆ. ಸಂಶೋಧನೆಗಾಗಿಯೇ ಮಾಡುವ ಪರೀಕ್ಷೆ, ಔಷಧಗಳ ವೆಚ್ಚವನ್ನು ಪಾಲ್ಗೊಳ್ಳುವವರ ಮೇಲೆ ಹೊರಿಸಬಾರದು. ‘ಕಾಂಡಕೋಶ ಚಿಕಿತ್ಸೆ ಇನ್ನೂ ಪ್ರಯೋಗದಲ್ಲಿದೆ’ ಎನ್ನುತ್ತಲೇ ಲಕ್ಷಗಟ್ಟಲೆ ಶುಲ್ಕ ಕೇಳಿದರೆ ಎಚ್ಚರ ವಹಿಸಬೇಕು.

ಸಹಿ ಹಾಕುವ ಮುನ್ನ

ವೈದ್ಯರ ಮುಂದೆ ಕುಳಿತು ಸಂಕೋಚವಿಲ್ಲದೆ ಕೇಳಬೇಕಾದ ಪ್ರಶ್ನೆಗಳು ಇವು:

* ಸಿಟಿಆರ್‌ಐ ನೋಂದಣಿ ಸಂಖ್ಯೆ ಯಾವುದು?
* ಹೊಸ ಚಿಕಿತ್ಸೆ ಸಿಗದ ಗುಂಪಿಗೆ ಸೇರಿದರೆ ಯಾವ ಚಿಕಿತ್ಸೆ ದೊರೆಯುತ್ತದೆ?
* ಎಷ್ಟು ತಿಂಗಳು ಹಿಡಿಯುತ್ತದೆ? ಆ ಅವಧಿಯಲ್ಲಿ ಬೇರೆ ಚಿಕಿತ್ಸೆ ಪಡೆಯಬಹುದೇ?
* ಯಾವ ಖರ್ಚು ಯಾರದು?
* ಗರ್ಭ ನಿಂತರೆ ತಾಯಿ ಮತ್ತು ಮಗುವಿನ ಮೇಲೆ ಎಲ್ಲಿಯವರೆಗೆ ನಿಗಾ ಇರುತ್ತದೆ?
* ತೊಂದರೆಯಾದರೆ ನೈತಿಕ ಸಮಿತಿಯಲ್ಲಿ ಯಾರನ್ನು ಸಂಪರ್ಕಿಸಬೇಕು?

ಇವುಗಳಲ್ಲಿ ಮೂರನೆಯದು 35 ದಾಟಿದ ಮಹಿಳೆಯರಿಗೆ ಬಹಳ ಮುಖ್ಯ. ಆ ವಯಸ್ಸಿನ ನಂತರ ಫಲವತ್ತತೆ ವೇಗವಾಗಿ ಇಳಿಯುವುದರಿಂದ, ಪ್ರಯೋಗದಲ್ಲಿ ಕಳೆಯುವ ಆರು ತಿಂಗಳು 28ರ ಯುವತಿಗೆ ಕಡಿಮೆ ಎನಿಸಿದರೂ 39ರ ಮಹಿಳೆಗೆ ಹೆಚ್ಚಾಗಬಹುದು. ಮಾಹಿತಿ ಪತ್ರವನ್ನು ಮನೆಗೆ ಒಯ್ದು, ಇಬ್ಬರೂ ಓದಿ, ಪ್ರಯೋಗಕ್ಕೆ ಸಂಬಂಧವಿಲ್ಲದ ಮತ್ತೊಬ್ಬ ವೈದ್ಯರ ಸಲಹೆ ಪಡೆದ ಮೇಲೆ ನಿರ್ಧರಿಸುವುದು ಸೂಕ್ತ. ಅಷ್ಟು ಸಮಯ ಕೊಡಲು ಒಪ್ಪದ ಕಡೆ ಸಹಿ ಹಾಕದೆ ಎದ್ದು ಬರುವುದೇ ಲೇಸು.